ಹಾಡದ ತಟ್ಟೆಯೊಡನೆ ನಾಲ್ಕು ತಾಲ್ಲೂಕು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವವರು ಕಂದಾಯ ಇಲಾಖೆಯ ಗುಮಾಸ್ತರು ಮತ್ತು ಶಾಲೆಯ ಮೇಷ್ಟರು. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಉಪವಿಭಾಗವೆನಿಸುತ್ತವೆ. ಇವೇ ನಾಲ್ಕು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೂ ಆಗಿವೆ. ನನ್ನ ಚಿಕ್ಕಪ್ಪನವರು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು, ತಮ್ಮ ಮೂವತ್ತಮೂರು ವರ್ಷದ ನೌಕರಿಯನ್ನೆಲ್ಲ ಈ ನಾಲ್ಕು ತಾಲ್ಲೂಕುಗಳ ಒಳಗೇ ಸುತ್ತಿ ಸವೆಸಿದರು. ಪ್ರತಿ ವರ್ಗಾವಣೆಗೂ ಒಂದು ಕಬ್ಬಿಣದ ಟ್ರಂಕು, ಎರಡು ಹಿತ್ತಾಳೆಯ ಕೊಡ, ಒಂದು ಬೀಸುವ ಕಲ್ಲು ಮತ್ತು ನನ್ನ ಚಿಕ್ಕಮ್ಮ ಅವರ ಹಿಂದೆ ಹೊರಡುತ್ತಿದ್ದುದು ವಾಡಿಕೆ. 1977ರ ತರುವಾಯ ಈ ಪರಿವಾರಕ್ಕೆ ಒಂದು ಟೇಪ್ ರೆಕಾರ್ಡರ್ ಸೇರಿತು. ಬಾಕಿ ಸಂಬಳ ಒಟ್ಟಿಗೆ ಬಂದ ಸಂತೋಷದಲ್ಲಿ ಕೊಂಡುದಂತೆ. ಬೀಸುವ ಕಲ್ಲು ಒಡೆದರೂ ಪರವಾಗಿಲ್ಲ, ಅದು ಅಲುಗಬಾರದೆಂದು ಅದನ್ನು ಹಾಸಿಗೆಯ ಸುರುಳಿಯೊಳಗೆ ಇಟ್ಟು ಸಾಗಿಸುತ್ತಿದ್ದರು.

ಆ ಯಂತ್ರದಿಂದ ಅವರು ಮುದ್ರಿಸಿಕೊಂಡದ್ದರಲ್ಲಿ ಉಳಿದುದು ಒಂದೇ ಒಂದು ಕ್ಯಾಸೆಟ್ಟು. ಅದರ ಒಂದು ಮಗ್ಗುಲಲ್ಲಿ ಸಿರಾ ತಾಲ್ಲೂಕಿನ ಕಾಡುಗೊಲ್ಲರೊಬ್ಬರು ಊದಿದ ಗಣೆಯ ನಾದವಿದೆ. ಗಣೆಯೆಂದರೆ ಸಾಮಾನ್ಯ ಕೊಳಲಿಗಿಂತ ಬಹಳ ಉದ್ದವಾದ ಬಿದಿರಿನ ವಾದ್ಯ. ದನಗಾಹಿ ವೀರನಾದ ಜುಂಜಪ್ಪನ ಕಥೆಯನ್ನು ಅದರ ಜೊತೆಯಲ್ಲಿಯೇ ಹಾಡಬೇಕೆಂಬುದು ಅವರ ಸಂಪ್ರದಾಯ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವರಿಗೆ ಪವಿತ್ರ ಸ್ಥಳ. ಇನ್ನೊಂದು ಮಗ್ಗುಲಲ್ಲಿ 1979ರಲ್ಲಿ ಪಾವಗಡದ ಕಡೆಯ ನಮ್ಮ ಚಿಕ್ಕಪ್ಪನವರ ಹಳ್ಳಿಯ ಮನೆಯಲ್ಲಿ ನಡೆದ ಮದುವೆಯ ಹಾಡುಗಳಿವೆ. ಹಾಡಿದವರು ಇಬ್ಬರು: ನನ್ನ ತಾಯಿ, ಮತ್ತು ಅವರ ತಂಗಿಯಾದ ಈ ಚಿಕ್ಕಮ್ಮ.

ತಾಯಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಚಿಕ್ಕಪ್ಪನವರು ಅದಕ್ಕೂ ಮೊದಲೇ ಹೋದರು. ಚಿಕ್ಕಮ್ಮನಿಗೆ ಈಗ ಎಂಬತ್ತೆರಡು. ಕಳೆದ ಸಂಕ್ರಾಂತಿಯಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ, ‘ಮಗಾ, ಅಕ್ಕನ ದನಿ ಒಂದು ಸಲ ಕೇಳಿಸಿಬಿಡಪ್ಪ, ನನಗೆ ಮರೆತುಹೋಗ್ತಾ ಐತೆ’ ಎಂದರು. ಮುಖ ನೆನಪಿದೆಯಂತೆ, ಕೈಬಳೆ ನೆನಪಿದೆಯಂತೆ, ದನಿ ಮಾತ್ರ ಎಷ್ಟು ಹುಡುಕಿದರೂ ಸಿಕ್ಕುತ್ತಿಲ್ಲವಂತೆ. ಇದಾದ ಮೇಲೆ ನಾನು ಸುಮ್ಮನಿರುವುದು ಹೇಗೆ?

ಕ್ಯಾಸೆಟ್ಟು ನಮ್ಮ ಮನೆಯ ಅಟ್ಟದ ಮೇಲಿದ್ದಿತು. ಅದನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ನನ್ನ ತಂಗಿಯ ಮಗ ವಹಿಸಿಕೊಂಡ. ಒಂದು ಗಂಟೆಯ ಟೇಪನ್ನು ಇಳಿಸಲು ಒಂದು ಗಂಟೆಯೇ ಬೇಕು; ಇಲ್ಲಿ ಅವಸರದ ದಾರಿಯಿಲ್ಲ. ನಡುವೆ ಟೇಪು ಸುತ್ತಿಕೊಂಡಿತು, ಪೆನ್ಸಿಲಿನಿಂದ ಹಿಂದಕ್ಕೆ ಸುತ್ತಿದ್ದಾಯಿತು. ಕೊನೆಗೆ ಹಾಡು ಬಂದಿತು, ಅದರ ಹಿಂದೆ ಮಳೆ ಹುಯ್ದಂತೆ ಒಂದು ಸರಸರ ಸದ್ದೂ ಬಂದಿತು.

ಮೊಬೈಲಿನಲ್ಲಿ ಕೇಳಿಸಿದರಾಗದೆ ಎಂದು ಓದುಗರು ಕೇಳಬಹುದು. ಚಿಕ್ಕಮ್ಮನ ನೆರೆಮನೆಯ ಹುಡುಗನ ಫೋನಿಗೆ ಕಳುಹಿಸಿಯೂ ನೋಡಿದೆವು. ಅವರ ಕಿವಿ ಮಂದ. ‘ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಯ್ತು, ಅಕ್ಕನಲ್ಲ’ ಎಂದುಬಿಟ್ಟರು. ಆಗ ನನಗೆ ನೆನಪಾದುದು ನಮ್ಮ ಕಾರು. 2008ರಲ್ಲಿ ಕೊಂಡ ಆ ಗಾಡಿಯ ಬಾಗಿಲುಗಳಲ್ಲಿ ಅಂಗೈಗಿಂತ ಅಗಲವಾದ ಸ್ಪೀಕರುಗಳಿವೆ. ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತರೆ ಸಂಗೀತ ಸಭೆಯಲ್ಲಿ ಕುಳಿತಂತೆಯೇ. ಆದರೆ ಅದರ ಸ್ಟೀರಿಯೊಗೆ ಪೆನ್‌ಡ್ರೈವ್ ಚುಚ್ಚುವ ಕಿಂಡಿಯಿಲ್ಲ. ಮೊಬೈಲಿನ ಪರಿಚಯವೂ ಅದಕ್ಕಿಲ್ಲ. ಮುಂಭಾಗದಲ್ಲಿ ಒಂದು ಸೀಳು ಬಾಯಿ ಮಾತ್ರ ಇದೆ. ಅದು ಸಿ.ಡಿ. ತಟ್ಟೆಯನ್ನಲ್ಲದೆ ಬೇರೇನನ್ನೂ ಸ್ವೀಕರಿಸದು. ಆದುದರಿಂದ ಅಳಿಯನು ತನ್ನ ಹಳೆಯ ಪೆಟ್ಟಿಗೆಯಿಂದ ಖಾಲಿ ತಟ್ಟೆಗಳನ್ನು ಹುಡುಕಿ ತೆಗೆದು, ಮೂರು ತಟ್ಟೆಗಳನ್ನು ಮೂರು ಬಗೆಯಾಗಿ ತಯಾರಿಸಿಕೊಂಡ. ‘ಮೂರರಲ್ಲಿ ಒಂದಾದರೂ ಹಾಡುತ್ತದೆ ಮಾವ’ ಎಂದ. ಆ ಮಾತಿನಲ್ಲಿದ್ದ ಅಳುಕನ್ನು ನಾನು ಆಗಲೇ ಗಮನಿಸಬೇಕಾಗಿದ್ದಿತು.

ಫಾಲ್ಗುಣದ ಒಂದು ಮುಂಜಾನೆ ನಾನು, ನನ್ನಾಕೆ ಮತ್ತು ಅಳಿಯ ಬೆಂಗಳೂರಿನಿಂದ ಹೊರಟೆವು. ದಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಕೊರಟಗೆರೆಯ ದಾರಿಗೆ ತಿರುಗಿದೊಡನೆ ಲಾರಿಗಳ ಗದ್ದಲ ಅಡಗಿತು. ಅಳಿಯನು ಮೊದಲನೆಯ ತಟ್ಟೆಯನ್ನು ಸೀಳಿಗೆ ಒಡ್ಡಿದ. ಯಂತ್ರವು ಅದನ್ನು ಮರ್ಯಾದೆಯಿಂದ ಒಳಕ್ಕೆಳೆದುಕೊಂಡಿತು, ಒಳಗೆ ಒಂದೆರಡು ಸಲ ಗಿರಕಿ ಹೊಡೆಸಿತು, ಏನೋ ಯೋಚಿಸಿದಂತೆ ಸುಮ್ಮನಿದ್ದು ಹೊರಕ್ಕೆ ತಳ್ಳಿತು. ಮತ್ತೆ ಕೊಟ್ಟರೆ ಮತ್ತೆ ತಳ್ಳಿತು. ಊಟ ಬೇಡವೆನ್ನುವ ಮಗುವಿನ ಬಾಯಿಗೆ ತುತ್ತಿಟ್ಟಂತಾಯಿತು.

ಎರಡನೆಯದಕ್ಕೂ ಅದೇ ಗತಿ. ಮೂರನೆಯದನ್ನು ಒಳಗಿಟ್ಟುಕೊಂಡು ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿತು, ಅಷ್ಟೆ.

‘ಮನೆಯಲ್ಲಿ ಚೆನ್ನಾಗಿ ಹಾಡಿತಲ್ಲೋ?’ ಎಂದು ನನ್ನಾಕೆ ಕೇಳಿದಳು.

‘ಕಂಪ್ಯೂಟರಿನಲ್ಲಿ ಹಾಡಿತು ಅತ್ತೆ. ಕಾರಿನಲ್ಲಿ ಪರೀಕ್ಷೆ ಮಾಡಲಿಲ್ಲ.’

ಕೊರಟಗೆರೆಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಈ ವಿಷಯದ ವಿಚಾರಣೆ ನಡೆಯಿತು. ಮೇಜಿನ ಮೇಲೆ ಮೂರು ಇಡ್ಲಿ, ಪಕ್ಕದಲ್ಲಿ ಮೂರು ಸಿ.ಡಿ. ಅಗಲದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಉಪಯೋಗದಲ್ಲಿ ಇಡ್ಲಿಯೇ ಮೇಲೆಂದು ನನ್ನಾಕೆಯ ತೀರ್ಪು. ಇಲ್ಲಿಂದ ಸಿದ್ಧರಬೆಟ್ಟ ಹತ್ತಿರ, ಗೊರವನಹಳ್ಳಿಯ ಮಹಾಲಕ್ಷ್ಮಿಯ ಗುಡಿಯೂ ದೂರವಿಲ್ಲ. ನನ್ನಾಕೆಗೆ ಗೊರವನಹಳ್ಳಿಗೆ ಹೋಗಲೇಬೇಕೆಂಬ ಹಟ. ‘ಹಾಡು ಬರಲೆಂದು ಅರಿಕೆ ಮಾಡಿಕೊಂಡು ಬರುತ್ತೇನೆ’ ಎಂದಳು. ಹೋಗಿ ಬಂದೆವು. ಲಕ್ಷ್ಮಿಯ ದರ್ಶನ ಚೆನ್ನಾಗಿ ಆಯಿತು, ಸ್ಟೀರಿಯೊ ಮಾತ್ರ ಒಲಿಯಲಿಲ್ಲ.

ಕಾರಿನಲ್ಲಿ ಹಾಡು ಕೇಳಬೇಕೆಂಬ ಆಸೆ ಬಹಳ ಹಳೆಯದು. ಅಮೆರಿಕದಲ್ಲಿ 1930ರಲ್ಲಿ ಗ್ಯಾಲ್ವಿನ್ ಸಹೋದರರು ಮೋಟರೋಲಾ ಎಂಬ ಹೆಸರಿನಿಂದ ಕಾರಿನ ರೇಡಿಯೊವನ್ನು ಮಾರಾಟಕ್ಕೆ ತಂದರು. ರೇಡಿಯೊದವರು ಹಾಡಿದ್ದನ್ನು ಕೇಳಬಹುದು, ನಾವು ಬಯಸಿದ್ದನ್ನು ಕೇಳುವುದು ಹೇಗೆ? 1956ರ ಮಾದರಿಗಳಲ್ಲಿ ಕ್ರೈಸ್ಲರ್ ಕಂಪೆನಿಯವರು ಕಾರಿನೊಳಗೆ ಗ್ರಾಮಫೋನನ್ನೇ ಕೂರಿಸಿದರು. ಅದನ್ನು ರೂಪಿಸಿದವನು ಪೀಟರ್ ಗೋಲ್ಡ್‌ಮಾರ್ಕ್. 1948ರಲ್ಲಿ ಹೊರಬಂದ ಎಲ್.ಪಿ. ತಟ್ಟೆಯ ಹಿಂದೆ ಇದ್ದವನೂ ಅವನೇ. ಕಾರಿನ ಆ ಗ್ರಾಮಫೋನಿಗೆ ಏಳಂಗುಲದ ತಟ್ಟೆಗಳು, ನಿಮಿಷಕ್ಕೆ ಸುಮಾರು ಹದಿನಾರೂಮುಕ್ಕಾಲು ಸುತ್ತಿನ ನಿಧಾನಗತಿ. ಮನೆಯಲ್ಲಿದ್ದ ತಟ್ಟೆಗಳನ್ನು ಅದು ಹಾಡುತ್ತಿರಲಿಲ್ಲ. ಅದಕ್ಕೆಂದೇ ಬೇರೆ ತಟ್ಟೆಗಳನ್ನು ಕೊಳ್ಳಬೇಕಾಗಿದ್ದಿತು. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ಮನೆಯ ತಟ್ಟೆಗೂ ಕಾರಿನ ಯಂತ್ರಕ್ಕೂ ಇರುವ ವೈಮನಸ್ಯ ನಮ್ಮಿಂದ ಆರಂಭವಾದುದಲ್ಲವೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ಫಿಲಿಪ್ಸ್ ಕಂಪೆನಿಯು 1963ರಲ್ಲಿ ತಂದ ಕ್ಯಾಸೆಟ್ಟು ಈ ವೈಮನಸ್ಯವನ್ನು ತೀರಿಸಿತ್ತು. ಮನೆಯಲ್ಲಿ ಮುದ್ರಿಸಿದ್ದು ಕಾರಿನಲ್ಲಿಯೂ ಹಾಡಿತು, ಲಾರಿಯಲ್ಲಿಯೂ ಹಾಡಿತು. 1982ರಲ್ಲಿ ಸಿ.ಡಿ. ಬಂದಿತು. 1984ರ ಹೊತ್ತಿಗೆ ಕಾರಿಗೂ ಸಿ.ಡಿ. ಯಂತ್ರಗಳು ಬಂದವು. ಅಂಗಡಿಯ ತಟ್ಟೆಗಳಿಗೆ ಅವು ಬಾಗಿಲು ತೆರೆದವು. ಮನೆಯಲ್ಲಿ ಮಾಡಿದ ತಟ್ಟೆಯನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಕುಲಗೋತ್ರ ಕೇಳತೊಡಗಿದವು.

ಕೊರಟಗೆರೆಯನ್ನು ಬಿಟ್ಟು ಉತ್ತರಕ್ಕೆ ಸಾಗಿದಂತೆ ಮಧುಗಿರಿಯ ಬೆಟ್ಟ ಮೈದೋರುತ್ತದೆ. ಮೊದಲು ಅದನ್ನು ಮೋಡದ ನೆರಳೆಂದುಕೊಳ್ಳುತ್ತೇವೆ. ಹತ್ತಿರವಾದಂತೆ ಅದು ಒಂದೇ ಒಂದು ಬಂಡೆಯೆಂದು ತಿಳಿದು ಎದೆ ಝಲ್ಲೆನ್ನುತ್ತದೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರ. ಏಕಶಿಲೆಯ ಬೆಟ್ಟಗಳಲ್ಲಿ ಏಷ್ಯಾಕ್ಕೇ ಎರಡನೆಯದೆಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಬಂಡೆಯ ಮೈಗೆ ಅಂಟಿಕೊಂಡಂತೆ ಕೋಟೆಯ ಗೋಡೆಗಳು ಮೇಲೇರಿ ಹೋಗಿವೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಹೈದರಾಲಿಯು ಸೆರೆಹಿಡಿದು ತಂದಿಟ್ಟುದು ಈ ಕೋಟೆಯಲ್ಲಿಯೇ. 1767ರಲ್ಲಿ ಮರಾಠರು ಬಂದು ಬಿಡಿಸುವ ತನಕ ಮಲೆನಾಡಿನ ಆ ಹೆಣ್ಣುಮಗಳು ನೆರಳಿಲ್ಲದ ಈ ಬಂಡೆಯ ಮೇಲೆ ನಾಲ್ಕು ಬೇಸಗೆಗಳನ್ನು ಕಳೆದಳು. ಜಡಿಮಳೆಯ ಸದ್ದು ಕೇಳಿ ಬೆಳೆದ ಕಿವಿಗೆ ಇಲ್ಲಿ ಗಾಳಿಯ ಸುಯ್ಲಲ್ಲದೆ ಬೇರೇನು ಕೇಳಿದ್ದೀತು!

ಅಳಿಯನಿಗೆ ಬೆಟ್ಟ ಹತ್ತುವ ಆಸೆ. ನಾನು ಅವನನ್ನು ಬೆಟ್ಟದ ಬುಡದ ವೆಂಕಟರಮಣಸ್ವಾಮಿಯ ಗುಡಿಯಿಂದಲೇ ಹಿಂದಕ್ಕೆ ಎಳೆದುಕೊಂಡು ಪೇಟೆಯ ಬೀದಿಗೆ ಕರೆದೊಯ್ದೆ. ಮದುವೆಗಳ ವಿಡಿಯೊ ತೆಗೆಯುವ ಫೋಟೊ ಸ್ಟುಡಿಯೊ ಒಂದು ಸಿಕ್ಕಿತು. ತಟ್ಟೆ ಬರೆಯುವ ಯಂತ್ರವನ್ನು ಇನ್ನೂ ಇಟ್ಟುಕೊಂಡಿರುವವರು ಇವರೇ. ಒಳಗಿದ್ದವರು ಇಪ್ಪತ್ತೆಂಟು ಮೂವತ್ತರ ಒಬ್ಬ ತರುಣ. ನಮ್ಮ ಕಥೆಯನ್ನು ಕೇಳಿ, ಮೂರು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ವೈದ್ಯರು ಎಕ್ಸ್‌ರೇ ನೋಡುವಂತೆ ನೋಡಿದರು. ಆಮೇಲೆ ತಮ್ಮ ಗಣಕಯಂತ್ರಕ್ಕೆ ಹಾಕಿ ಪರೀಕ್ಷಿಸಿದರು. ಅವರು ಹೇಳಿದುದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ. ಹಳೆಯ ಕಾರನ್ನೂ ಹಳೆಯ ಹಾಡನ್ನೂ ಇಟ್ಟುಕೊಂಡಿರುವ ಕುಟುಂಬಗಳು ನಮ್ಮಂತೆ ಇನ್ನೂ ಕೆಲವು ಇರಬಹುದು.

ಮೊದಲನೆಯ ತಟ್ಟೆಯಲ್ಲಿ ಇದ್ದುದು ಹಾಡಲ್ಲ, ಹಾಡಿನ ಕಡತ. ಎಂ.ಪಿ.3 ಎಂಬ ವಿಧಾನದಲ್ಲಿ ನಾದವನ್ನು ಹಿಂಡಿ, ಸುಮಾರು ಹನ್ನೊಂದರಲ್ಲಿ ಒಂದು ಪಾಲಿನಷ್ಟಾಗಿ ಕುಗ್ಗಿಸಿ ಇಡುತ್ತಾರೆ. ಹೀಗೆ ಮಾಡಿದರೆ ಒಂದು ತಟ್ಟೆಯಲ್ಲಿ ಹತ್ತು ಹನ್ನೆರಡು ಗಂಟೆಯ ಸಂಗೀತ ಹಿಡಿಸುತ್ತದೆ. ಆದರೆ ಆ ಗಂಟನ್ನು ಬಿಚ್ಚುವ ವಿದ್ಯೆ ಯಂತ್ರಕ್ಕೆ ತಿಳಿದಿರಬೇಕು. ಮುಖದ ಮೇಲೆ ಎಂ.ಪಿ.3 ಎಂದು ಬರೆದಿರುವ ಸ್ಟೀರಿಯೊಗಳಿಗೆ ಅದು ತಿಳಿದಿರುತ್ತದೆ. ನಮ್ಮದರ ಮುಖದ ಮೇಲೆ ಅಂತಹ ಬರೆಹವೇನೂ ಇರಲಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಭಾಷೆ: ಸೆಕೆಂಡಿಗೆ 44,100 ಸಲ ನಾದವನ್ನು ಅಳೆದು, ಆ ಅಳತೆಗಳನ್ನು ಹಿಂಡದೆ ಹಾಗೆಯೇ ಸಾಲಾಗಿ ಬರೆದ ಆಡಿಯೊ ಸಿ.ಡಿ. ಆ ಬಗೆಯಲ್ಲಿ ಬರೆದರೆ ಒಂದು ತಟ್ಟೆಗೆ 80 ನಿಮಿಷ ಮಾತ್ರ. ನಮಗೆ ಬೇಕಾದುದು ಅರವತ್ತೇ ನಿಮಿಷ!

ಎರಡನೆಯದನ್ನು ಅಳಿಯನು ಆಡಿಯೊ ಸಿ.ಡಿ.ಯಾಗಿಯೇ ಬರೆದಿದ್ದ. ಆದರೆ ಬರೆದುದು ಅಳಿಸಿ ಮತ್ತೆ ಬರೆಯಬಹುದಾದ ತಟ್ಟೆಯ ಮೇಲೆ. ಸಿ.ಡಿ. ಯಂತ್ರದೊಳಗೆ ಕಣ್ಣಿಗೆ ಕಾಣದ ಒಂದು ಲೇಸರ್ ಕಿರಣವಿದೆ. ಅದು ತಟ್ಟೆಗೆ ತಾಗಿ ಹಿಂದಿರುಗುವ ಬೆಳಕಿನ ಏರಿಳಿತವನ್ನು ನೋಡಿ ಯಂತ್ರವು ಬರೆಹವನ್ನು ಓದುತ್ತದೆ. ಅಂಗಡಿಯ ತಟ್ಟೆ ಹೊಸ ಕನ್ನಡಿಯಿದ್ದಂತೆ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತು ಪಾಲಿನಷ್ಟನ್ನು ಹಿಂದಕ್ಕೆ ಕೊಡುತ್ತದೆ. ಒಂದೇ ಸಲ ಬರೆಯಬಹುದಾದ ಖಾಲಿ ತಟ್ಟೆಯೂ ಹೆಚ್ಚುಕಡಮೆ ಹಾಗೆಯೇ. ಅಳಿಸಿ ಬರೆಯುವ ತಟ್ಟೆಯಾದರೋ ಬೆಳಗದೆ ಬಿಟ್ಟ ಹಿತ್ತಾಳೆಯ ಪಾತ್ರೆಯಂತೆ. ಅದರಿಂದ ಹಿಂದಿರುಗುವುದು ನೂರಕ್ಕೆ ಇಪ್ಪತ್ತರ ಆಸುಪಾಸು. ಗಣಕಯಂತ್ರದ ಕಣ್ಣು ಅಷ್ಟರಲ್ಲಿಯೂ ಓದಬಲ್ಲುದು. ಹಳೆಯ ಕಾರಿನ ಕಣ್ಣಿಗೆ ಅದು ಕತ್ತಲೆ.

ಮೂರನೆಯದು ಒಂದೇ ಸಲ ಬರೆಯುವ ಒಳ್ಳೆಯ ತಟ್ಟೆ. ಅದನ್ನು ನಮ್ಮವನು ಪೆನ್‌ಡ್ರೈವಿಗೆ ಹಾಕುವಂತೆ, ಕಡತಗಳನ್ನು ಎಳೆದು ಅದರ ಮೇಲೆ ಬಿಟ್ಟಿದ್ದ. ಮುಂದೆ ಇನ್ನಷ್ಟು ಸೇರಿಸಲು ಅನುಕೂಲವಾಗಲೆಂದು ಮುಗಿಸದೆ ತೆರೆದೂ ಇಟ್ಟಿದ್ದ. ತಟ್ಟೆಯ ಆರಂಭದಲ್ಲಿ ಪರಿವಿಡಿಯೊಂದು ಇರಬೇಕು: ಹಾಡು ಎಷ್ಟು, ಯಾವುದು ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂದು. ಬರೆದು ಮುಗಿಸಿದ ಮೇಲೆ ತಟ್ಟೆಯನ್ನು ‘ಮುಚ್ಚಿದರೆ’ ಮಾತ್ರ ಆ ಪರಿವಿಡಿ ಸಿದ್ಧವಾಗುತ್ತದೆ. ಅದಿಲ್ಲದ ತಟ್ಟೆಯನ್ನು ಕಾರಿನ ಯಂತ್ರ ಖಾಲಿಯೆಂದೇ ಭಾವಿಸುತ್ತದೆ.

‘ಮೂರೂ ತಪ್ಪು, ಮೂರೂ ಬೇರೆ ಬೇರೆ ತಪ್ಪು ಸಾರ್’ ಎಂದು ತರುಣರು ನಕ್ಕರು. ಅಳಿಯನು ಇಂಜಿನಿಯರಿಂಗ್ ಓದುತ್ತಿರುವವನು. ಅವನ ಮುಖವನ್ನು ನಾನು ನೋಡಲಿಲ್ಲ.

ಹೊಸ ತಟ್ಟೆ ಬರೆದುಕೊಡಲು ಅವರು ಸಿದ್ಧರಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಇದಲ್ಲದೆ ಖಾಲಿ ಸಿ.ಡಿ.ಯನ್ನು ಕೇಳುವವರೇ ಈಗ ಇಲ್ಲವಾಗಿ, ಗೋದಾಮಿನಲ್ಲಿ ಹುಡುಕಬೇಕಾಗಿದ್ದಿತು. ನಾಳೆ ಬೆಳಿಗ್ಗೆ ಬನ್ನಿರೆಂದರು. ಆ ರಾತ್ರಿ ಸಿರಾದಲ್ಲಿ ಷಡ್ಡಕನ ಮನೆಯಲ್ಲಿ ತಂಗುವುದೆಂದು ಮೊದಲೇ ಗೊತ್ತಾಗಿದ್ದುದರಿಂದ ತೊಂದರೆಯಾಗಲಿಲ್ಲ.

ಸಿರಾದ ವಿಷಯ ಬರೆಯಹೊರಟರೆ ಅದೇ ಒಂದು ಲೇಖನವಾದೀತು. 1687ರಲ್ಲಿ ಮೊಗಲರು ಇಲ್ಲಿ ಒಂದು ಸುಬಾ ಸ್ಥಾಪಿಸಿ, ದಕ್ಷಿಣದ ಬಹುಭಾಗವನ್ನು ಇಲ್ಲಿಂದಲೇ ಆಳಿದರು. 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಆ ವೈಭವದ ಗುರುತಾಗಿ ನಿಂತಿವೆ. ಇಲ್ಲಿಯ ತೋಟವನ್ನು ಕಂಡೇ ಹೈದರಾಲಿಯು ಬೆಂಗಳೂರಿನ ಲಾಲ್‌ಬಾಗನ್ನು ಮಾಡಿಸಿದನೆಂದು ಹೇಳುವುದುಂಟು. ಮರುದಿನ ಬೆಳಗಾಗುವ ಮುನ್ನವೇ ಷಡ್ಡಕನು ನಮ್ಮನ್ನು ಕಗ್ಗಲಡಿಗೆ ಕರೆದೊಯ್ದ. ಊರ ನಡುವಿನ ಹುಣಿಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಸಂಸಾರ ಹೂಡಿದ್ದವು. ಊರಿನವರು ಅವುಗಳಿಗಾಗಿ ಹುಣಿಸೆಯ ಆದಾಯವನ್ನೂ ಬಿಟ್ಟುಕೊಟ್ಟು ಕಾಯುತ್ತಾರೆ. ಕೊಕ್ಕುಗಳ ಪಟಪಟ ಸದ್ದನ್ನು ಕೇಳಿದ ಅಳಿಯನು ಕೂಡಲೇ ಮೊಬೈಲಿನಲ್ಲಿ ಮುದ್ರಿಸಿಕೊಂಡ. ಅವನು ಚಿಕ್ಕಪ್ಪನವರನ್ನು ಕಂಡವನಲ್ಲ. ಆದರೂ ಕೈ ಚಾಚಿ, ಉಸಿರು ಬಿಗಿಹಿಡಿದು ಅವನು ನಿಂತ ಭಂಗಿಯನ್ನು ನಾನು ಎಲ್ಲಿಯೋ ಕಂಡಿದ್ದೆ.

ಮಧುಗಿರಿಯಲ್ಲಿ ತಟ್ಟೆಗಳು ಸಿದ್ಧವಾಗಿದ್ದವು—ಒಂದಲ್ಲ, ಎರಡು. ‘ಒಂದೇ ಇದ್ದರೆ ಅದಕ್ಕೇನಾದರೂ ಆಗುತ್ತೆ ಸಾರ್, ಎರಡಿದ್ದರೆ ಎರಡಕ್ಕೂ ಏನೂ ಆಗಲ್ಲ’ ಎಂಬುದು ತರುಣರ ಅನುಭವ. ಹಿಂಡಿದ ಕಡತಗಳನ್ನು ಮತ್ತೆ ಹಿಗ್ಗಿಸಿ, ನಿಧಾನದ ವೇಗದಲ್ಲಿ, ಮೊದಲಿನಿಂದ ಕೊನೆಯ ತನಕ ಒಂದೇ ಸಲಕ್ಕೆ ಬರೆದು ಮುಚ್ಚಿದ್ದರು. ಹಿಂಡುವಾಗ ಹೋದುದು ಹಿಗ್ಗಿಸಿದರೆ ಹಿಂದಿರುಗದಂತೆ. ನಮ್ಮ ಹಳೆಯ ಟೇಪಿನಲ್ಲಿ ಹೋಗುವುದಕ್ಕೆ ಏನೂ ಹೆಚ್ಚಾಗಿ ಇರಲಿಲ್ಲ. ಕಾಗದದ ಚೀಟಿ ಅಂಟಿಸಬೇಡಿ, ಅದು ಒಳಗೆ ಕಿತ್ತು ಬಂದರೆ ಸೀಳು ಬಾಯಿಯಿಂದ ತಟ್ಟೆ ಹೊರಬಾರದು. ಹೆಸರು ಬರೆಯಬೇಕಾದರೆ ಮೆತ್ತನೆಯ ಪೆನ್ನಿನಿಂದ ಬರೆಯಿರಿ. ಬಿಸಿಲಿಗೆ ಇಡಬೇಡಿ ಎಂದು ಮೂರು ಮಾತು ಹೇಳಿದರು. ಎರಡನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ.

ಊರು ದಾಟಿದೊಡನೆ ತಟ್ಟೆಯನ್ನು ಒಳಗಿಟ್ಟೆವು. ಯಂತ್ರ ಗಿರಕಿ ಹೊಡೆಸಿತು. ಯೋಚಿಸಿತು. ಅನಂತರ ನಾಲ್ಕು ಬಾಗಿಲುಗಳಿಂದಲೂ ಮಳೆಯ ಸರಸರ ಸದ್ದು, ಅದರೊಳಗಿನಿಂದ ಗಣೆಯ ನಾದ ಎದ್ದು ಬಂದಿತು. ಕೊಳಲಿನ ಇಂಪಲ್ಲ ಅದು. ದೂರದ ಕಣಿವೆಯಲ್ಲಿ ಗಾಳಿ ತಾನಾಗಿ ಮಾತು ಕಲಿಯುತ್ತಿರುವಂತಹ ಗಂಭೀರವಾದ ದನಿ. ಹೊರಗೆ ಒಣಗಿದ ಕಡಲೆಕಾಯಿಯ ಹೊಲಗಳು, ಕುರಿಯ ಮಂದೆಗಳು, ಬಂಡೆಯ ಗುಡ್ಡಗಳು ಹಿಂದಕ್ಕೆ ಸರಿಯುತ್ತಿದ್ದವು. ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಮಿಡಿಗೇಶಿಯ ಬೆಟ್ಟ ಕಾಣುವ ಹೊತ್ತಿಗೆ ಗಣೆ ಮುಗಿಯಿತು. ಇನ್ನು ಮದುವೆಯ ಹಾಡು. ನಾನು ಗುಂಡಿಯನ್ನು ಒತ್ತಿ ತಟ್ಟೆಯನ್ನು ಹೊರಕ್ಕೆ ತೆಗೆದುಬಿಟ್ಟೆ. ತಾಯಿಯ ದನಿಯನ್ನು ಚಿಕ್ಕಮ್ಮನಿಗಿಂತ ಮುಂಚೆ ಕೇಳುವುದು ನನಗೆ ಸರಿಕಾಣಲಿಲ್ಲ. ಕೇಳಿದ ಮೇಲೆ ಅವರ ಮುಂದೆ ಹೇಗೆ ಕುಳಿತುಕೊಳ್ಳುವುದೆಂಬ ಭಯವೂ ಇದ್ದಿತು. ನನ್ನಾಕೆಗೆ ಅರ್ಥವಾಗಿರಬೇಕು, ಏನೂ ಕೇಳಲಿಲ್ಲ.

ಮಿಡಿಗೇಶಿಯಲ್ಲಿ ಇಳಿದು ಕಾಫಿ ಕುಡಿದು, ಹಿಮ್ಮಡಿ ಮುಟ್ಟುವ ಕೂದಲಿದ್ದ ರಾಣಿಯಿಂದ ಊರಿಗೆ ಈ ಹೆಸರು ಬಂದಿತೆಂಬ ಕಥೆಯನ್ನು ಹೋಟೆಲಿನವರಿಂದ ಕೇಳಿ, ಕೋಟೆಯತ್ತ ಸ್ವಲ್ಪ ದೂರ ನಡೆದು ಹಿಂದಿರುಗುವ ವೇಳೆಗೆ ಒಂದೂವರೆ ಗಂಟೆ ಕಳೆದಿದ್ದಿತು. ತಟ್ಟೆಯನ್ನು ನಾನು ಮುಂಗಾಜಿನ ಕೆಳಗೆ ಇಟ್ಟು ಹೋಗಿದ್ದೆ. ಫಾಲ್ಗುಣದ ಬಿಸಿಲು ಅದನ್ನು ಹಪ್ಪಳದಂತೆ ಬಗ್ಗಿಸಿದ್ದಿತು. ಸೀಳಿಗೆ ಒಡ್ಡಿದರೆ ಅಂಚು ತಾಗಿ ಒಳಗೆ ಹೋಗಲೇ ಇಲ್ಲ. ಒತ್ತಿ ತುರುಕುವುದು ಬೇಡವೆಂದು ಅಳಿಯನು ನನ್ನ ಕೈ ಹಿಡಿದುಕೊಂಡ. ಮೂರನೆಯ ಮಾತನ್ನು ಮರೆತವನು ನಾನೇ ಆಗಿದ್ದರಿಂದ ಬೈಯಲು ಯಾರೂ ಇರಲಿಲ್ಲ. ಎರಡನೆಯ ತಟ್ಟೆಯನ್ನು ನನ್ನಾಕೆಯು ತನ್ನ ಕೈಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿ, ಗೊರವನಹಳ್ಳಿಯ ಕುಂಕುಮದ ಪೊಟ್ಟಣದ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಊರು ಸೇರುವ ತನಕ ಅದನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ.

ಪಾವಗಡ ನಮ್ಮ ಜಿಲ್ಲೆಯದೇ ಆದರೂ ಮೂರು ಕಡೆಯಿಂದಲೂ ಆಂಧ್ರ ಅದನ್ನು ಸುತ್ತುವರಿದಿದೆ. ಸಂತೆಯಲ್ಲಿ ಕಿವಿಗೆ ಬೀಳುವುದು ಕನ್ನಡದಷ್ಟೇ ತೆಲುಗು. ನೋಡಲು ಬರುವವರೆಲ್ಲ ಮೊದಲು ಶನಿಮಹಾತ್ಮನ ಗುಡಿಗೆ, ಆಮೇಲೆ ಬೆಟ್ಟದ ಕೋಟೆಗೆ ಹೋಗುತ್ತಾರೆ. ಇತ್ತೀಚೆಗೆ ಮೂರನೆಯದೊಂದು ಸೇರಿದೆ. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದ ಮೇಲೆ ಸೌರಫಲಕಗಳನ್ನು ಹಾಸಿದ್ದಾರೆ. 2018ರಲ್ಲಿ ಉದ್ಘಾಟನೆಯಾದ ಈ ಸ್ಥಾವರದ ಶಕ್ತಿ 2,050 ಮೆಗಾವಾಟ್. ನೆಲವನ್ನು ರೈತರಿಂದ ಕೊಳ್ಳದೆ ಗೇಣಿಗೆ ಪಡೆದುದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಒಪ್ಪಂದವಾಯಿತು. ಮಳೆಯನ್ನು ನಂಬಿ ಕೆಟ್ಟ ನೆಲ ಬಿಸಿಲನ್ನು ನಂಬಿ ಬದುಕುತ್ತಿದೆ. ಆದರೆ ನೆಲವಿಲ್ಲದೆ ಕೂಲಿಯನ್ನೇ ನೆಚ್ಚಿದ್ದವರಿಗೆ ಗೇಣಿಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಆ ಬಿಸಿಲಿನ ಬಲವೆಂತಹುದೆಂಬುದನ್ನು ನಾನು ಪ್ರತ್ಯಕ್ಷವಾಗಿ ಕಂಡುಕೊಂಡೇ ಬಂದಿದ್ದೆನಷ್ಟೆ!

ನಾವು ತಲಪಿದಾಗ ಚಿಕ್ಕಮ್ಮ ಜಗುಲಿಯ ಮೇಲೆ ಕುಳಿತಿದ್ದರು. ಊಟವಾಗಲಿ ಎಂದರೂ ಕೇಳಲಿಲ್ಲ. ‘ಮೊದಲು ಅಕ್ಕ, ಆಮೇಲೆ ಮುದ್ದೆ’ ಎಂದರು. ಇಬ್ಬರು ಹಿಡಿದು ನಡೆಸಿ, ಕಾರಿನ ಮುಂದಿನ ಆಸನದಲ್ಲಿ ಕೂರಿಸಿದೆವು. ಕಾರನ್ನು ಬೇವಿನ ಮರದ ನೆರಳಿಗೆ ತಂದು ಗಾಜುಗಳನ್ನು ಏರಿಸಿದೆವು. ನನ್ನಾಕೆ ಕರವಸ್ತ್ರ ಬಿಚ್ಚಿ ತಟ್ಟೆಯನ್ನು ತಾನೇ ಸೀಳಿಗೆ ಒಡ್ಡಿದಳು.

ಸರಸರ ಸದ್ದು. ಆಮೇಲೆ ಒಂದು ಕೆಮ್ಮು. ‘ಈ ದಿವಸ ಗುರುವಾರ’ ಎಂದು ಪಾಠ ಆರಂಭಿಸುವ ಮೇಷ್ಟರ ದನಿ. ಚಿಕ್ಕಮ್ಮ ಥಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಡ ಮನೆಯೊಳಗೆ ಬಂದಾಗ ಹೇಗೋ ಹಾಗೆ. ಚಿಕ್ಕಪ್ಪನವರು ತಾರೀಖು ಹೇಳಿ, ಊರು ಹೇಳಿ, ‘ಅಕ್ಕತಂಗಿಯರು ಹಾಡುತ್ತಾರೆ’ ಎಂದು ಹೇಳಿ ಹಿಂದೆ ಸರಿದರು.

ಹಸೆಗೆ ಕರೆಯುವ ಹಾಡು. ಎರಡು ದನಿಗಳಲ್ಲಿ ಒಂದು ತುಸು ಮುಂದೆ, ಇನ್ನೊಂದು ಅದರ ಸೆರಗು ಹಿಡಿದು ಹಿಂದೆ. ಮುಂದಿನ ದನಿ ನನ್ನ ತಾಯಿಯದು. ಆಗ ಆಕೆಗೆ ನನಗೀಗ ಆಗಿರುವಷ್ಟು ವಯಸ್ಸೂ ಆಗಿರಲಿಲ್ಲ. ನಾನು ಹೊರಗಿನ ಬೇವಿನ ಮರವನ್ನು ನೋಡುತ್ತ ಕುಳಿತೆ. ನಾಲ್ಕನೆಯ ನುಡಿಯ ನಡುವೆ ಮುಂದಿನ ದನಿ ಇದ್ದಕ್ಕಿದ್ದಂತೆ ನಿಂತಿತು. ಒಂದು ಮಗುವಿನ ಅಳು, ಏನೋ ಪಾತ್ರೆ ಉರುಳಿದ ಸದ್ದು, ಹೆಂಗಸರ ನಗು. ಹಿಂದಿನ ದನಿ ಒಂಟಿಯಾಗಿ ಎರಡು ಸಾಲು ಎಳೆದುಕೊಂಡು ಹೋಯಿತು. ಆಮೇಲೆ ಅಕ್ಕ ಬಂದು ಸೇರಿಕೊಂಡಳು.

‘ಇಲ್ಲಿ ಬರೀ ಗಲಾಟೆ ಅಂತ ಕತ್ತರಿಸಿಬಿಡೋಣ ಅಂದುಕೊಂಡಿದ್ದೆ ಅಜ್ಜಿ’ ಎಂದ ಅಳಿಯ, ಹಿಂದಿನ ಆಸನದಿಂದ.

‘ಗಲಾಟೆ ಎಲ್ಲೈತೋ? ಅಳ್ತಾ ಇರೋಳು ನಿಮ್ಮವ್ವ ಕಣೋ! ಮೂರು ವರ್ಷದೋಳು. ಕಳಶದ ಚೊಂಬು ಕೆಡವಿ ತಾನೇ ಅತ್ತಳು. ಅಕ್ಕ ಎತ್ತಿಕೊಳ್ಳಾಕೆ ಹೋದಳು, ನಾನೊಬ್ಬಳೇ ಸಿಕ್ಕಿಹಾಕ್ಕೊಂಡೆ.’ ಎಂದು ಹೇಳಿ, ಬೊಚ್ಚುಬಾಯಿ ತುಂಬ ನಕ್ಕರು. ‘ಅಕ್ಕ ವಾಪಸು ಬಂದಾಗ ಒಂದು ಸೊಲ್ಲು ಬಿಟ್ಟುಬಿಟ್ಟಳು. ನಿಮ್ಮ ಚಿಕ್ಕಪ್ಪನಿಗೆ ಹೇಳಿದರೆ ಒಪ್ಪಲಿಲ್ಲ. ಇನ್ನೊಂದು ಸಲ ಹಾಕಪ್ಪ.’

ಇನ್ನೊಂದು ಸಲ ಹಾಕಿದೆವು. ಆ ಜಾಗ ಬಂದಾಗ ಚಿಕ್ಕಮ್ಮ ಬಿಟ್ಟುಹೋದ ಸೊಲ್ಲನ್ನು ನಡುಗುವ ದನಿಯಲ್ಲಿ ತಾವೇ ಹಾಡಿ ಸೇರಿಸಿದರು. ಅಳಿಯನು ಮೊಬೈಲನ್ನು ಅವರ ಮುಖದ ಬಳಿ ಹಿಡಿದಿದ್ದ. ತಾನು ಮೂರು ವರ್ಷದವಳಾಗಿ ಅತ್ತುದನ್ನು ನನ್ನ ತಂಗಿ ಆ ಸಂಜೆ ಬೆಂಗಳೂರಿನಲ್ಲಿ ಕೇಳಿದಳು. ಕೇಳಿ ಏನು ಮಾಡಿದಳೆಂದು ಅವಳ ಮಗ ನಮಗೆ ಹೇಳಲಿಲ್ಲ.

ನಾಲ್ಕನೆಯ ಸಲ ಹಾಕುವ ಹೊತ್ತಿಗೆ ಪೆಟ್ರೋಲು ಉಳಿಸಲೆಂದು ನಾನು ಇಂಜಿನ್ ನಿಲ್ಲಿಸಿದ್ದೆ. ಹಾಡಿನ ನಡುವೆಯೇ ಬ್ಯಾಟರಿ ಕೈಕೊಟ್ಟಿತು. ಮರುದಿನ ಹೊರಡುವಾಗ ನೆರೆಹೊರೆಯ ನಾಲ್ವರು ಕಾರನ್ನು ತಳ್ಳಬೇಕಾಯಿತು. ಅದು ಗುರುಗುಟ್ಟಿ ಹೊರಡಲು ಸಿದ್ಧವಾದಾಗ ಚಿಕ್ಕಮ್ಮ ಕಿಟಕಿಯ ಬಳಿ ಬಂದು, ‘ಕಾರು ಇಲ್ಲೇ ಇರಲಿ ಮಗಾ, ನಿಮಗೆ ಬಸ್ಸು ಐತಲ್ಲ’ ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮುಂದಿನ ತಿಂಗಳು ಅಳಿಯನು ಕಾರಿನಿಂದ ಆ ಸ್ಟೀರಿಯೊವನ್ನು ಬಿಚ್ಚಿದ. ಹಳದಿ ಮತ್ತು ಕೆಂಪು ತಂತಿಗಳನ್ನು ಕೂಡಿಸಿ ಬ್ಯಾಟರಿಯ ಧನಕ್ಕೆ, ಕಪ್ಪನ್ನು ಋಣಕ್ಕೆ ಕೊಟ್ಟರೆ ಅದು ಮನೆಯಲ್ಲಿಯೂ ಹಾಡುತ್ತದಂತೆ. ಮಧುಗಿರಿಯ ಸ್ಟುಡಿಯೊದ ತರುಣರು ಹಲಗೆಯ ಪೆಟ್ಟಿಗೆಯೊಂದನ್ನು ಮಾಡಿಸಿ, ಬಾಗಿಲಿನ ಸ್ಪೀಕರುಗಳನ್ನು ಅದರ ಎರಡು ಮಗ್ಗುಲಿಗೆ ಕೂರಿಸಿಕೊಟ್ಟರು. ಚಿಕ್ಕಮ್ಮನ ಮನೆಯ ಮಾಳಿಗೆಯ ಮೇಲೆ ಒಂದು ಸಣ್ಣ ಸೌರಫಲಕವಿದೆ. 12 ವೋಲ್ಟಿನ ಬ್ಯಾಟರಿಗೆ ಅದು ಸಾಕು. ಜೊತೆಗೆ ತಟ್ಟೆಯ ಐದು ನಕಲುಗಳನ್ನು ಕಳುಹಿಸಿದ್ದೇವೆ, ಐದನ್ನೂ ಅಕ್ಕಿಯ ಡಬ್ಬದಲ್ಲಿ ಇಟ್ಟಿದ್ದಾರಂತೆ. ನಮ್ಮ ಕಾರಿನಲ್ಲಿ ಆ ಜಾಗ ಈಗ ಬರಿಯ ಕಿಂಡಿ. ನನ್ನಾಕೆ ಅದರಲ್ಲಿ ಟೋಲಿನ ಚೀಟಿಗಳನ್ನೂ ಒಂದು ನಿಂಬೆಹಣ್ಣನ್ನೂ ಇಟ್ಟಿದ್ದಾಳೆ.